ಹನ್ನೊಂದು ಅಂಗನವಾಡಿಗೆ ಒಬ್ಬಳೇ ದೀಪಿಕ

ಹೊಳಲಿನ ಬೀದಿಯಲ್ಲಿ ನಯನ ಬರುವುದು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ಹೆದರಿಕೆಗಲ್ಲ, ಗೌರವಕ್ಕಂತೂ ಅಲ್ಲವೇ ಅಲ್ಲ. ಎಣಿಸಿಬಿಡುತ್ತಾಳೆ ಅಂತ.

ಅವಳು ಹುಟ್ಟಿದ ಊರೇ ಅದು. ಮಂಡ್ಯದ ಒಂದು ಶಿಕ್ಷಣ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಡಾಕ್ಟರೇಟಿಗೆ ಅವಳು ಹಿಡಿದ ವಿಷಯ, ಮೂರು ವರ್ಷದೊಳಗಿನ ಮಗುವಿನ ಜೊತೆ ಮನೆಯವರು ದಿನಕ್ಕೆ ಎಷ್ಟು ಮಾತಾಡುತ್ತಾರೆ ಎನ್ನುವುದು. ಜಗಲಿಯ ಮೇಲೆ ಕೂತು, ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿದು, ಒಂದು ಮಾತಿಗೆ ಒಂದು ಟಿಕ್ಕು. ದೊಡ್ಡಪ್ಪ ಕೆಂಪಯ್ಯ ಇದೇನೋ ಸರ್ಕಾರದ ಕಿತಾಪತಿ ಎಂದುಕೊಂಡು ಮೊಮ್ಮಗನ ಮುಂದೆ ಮೂರು ದಿನ ಬಾಯಿ ಕಟ್ಟಿಕೊಂಡು ಕೂತ. ಎದುರುಮನೆಯಾಕೆಯದು ಇನ್ನೊಂದು ಅತಿ. ಬೆಳಗಿನಿಂದ ಸಂಜೆವರೆಗೆ ಮಗುವಿನ ಹಿಂದೆ ಬಿದ್ದು ಎಷ್ಟು ಮಾತಾಡಿದಳೆಂದರೆ, ಮಗು ಹೋಗಿ ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟುಕೊಂಡಿತು.

“ನಂದೆಷ್ಟಾಯ್ತವ್ವಾ?” ಎಂದು ಆಕೆ ಸಂಜೆ ಕೇಳುವಳು.

“ನಾಲ್ಕು ಸಾವಿರದ ಇನ್ನೂರು, ಅಕ್ಕ.”

“ಕೆಂಪಯ್ಯಣ್ಣಂದು?”

“ಹದಿನಾಲ್ಕು.”

“ಅಯ್ಯೋ ಮೂದೇವಿ! ಎಮ್ಮೆ ಕೂಟೆ ಅದ್ಕಿಂತ ಎಚ್ಗೆ ಮಾತಾಡ್ತನಲ್ಲವ್ವಾ!”

ಐದು ವರ್ಷ ದುಡಿದು, ನಾನ್ನೂರು ಪುಟ ಬರೆದು ಮುಗಿಸಿದಾಗ ತಿಳಿದುಬಂದದ್ದು ಇಷ್ಟು: ಅವಳು ಕೂತೆದ್ದ ಮನೆಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ‘ಸುಮ್ಕಿರು’. ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಹೇಳಿಬಿಡುತ್ತಿದ್ದಳು. ಏನು ಮಾಡುವುದು, ಅಜ್ಜಿಯ ಮಾತಿಗೆ ಅಡಿಟಿಪ್ಪಣಿ ಇರುವುದಿಲ್ಲ.

ಹಾಗಂತ ನಯನ ಪೆದ್ದಿಯಲ್ಲ, ಢೋಂಗಿಯೂ ಅಲ್ಲ. ಅವಳಿಗೆ ಒಂದು ವಿಷಯ ಗಟ್ಟಿಯಾಗಿ ಗೊತ್ತಿತ್ತು. ಮಗುವಿಗೆ ಮೊದಲ ಐದಾರು ವರ್ಷದಲ್ಲಿ ಒಂದು ಭಾಷೆ ಸಿಗಬೇಕು. ಬಾಯಿಯದೋ ಕೈಯದೋ, ಯಾವುದೋ ಒಂದು ಪೂರಾ ಭಾಷೆ. ಸಸಿಮಡಿಯಲ್ಲೇ ದಿನ ಮೀರಿದ ಒಟ್ಟಲು ಪೈರನ್ನು ಆಮೇಲೆ ಎಂಥ ಗದ್ದೆಗೆ ನಾಟಿ ಮಾಡಿದರೂ ತೆನೆ ಕಟ್ಟುವುದು ಕಷ್ಟ, ಹಾಗೆ. ಈ ನಂಬಿಕೆಯಿಂದಲೇ ಅವಳು ಕೆಂಪು ನಕ್ಷತ್ರ ಹಾಕಿದ್ದು.

ಮಂಡ್ಯದಲ್ಲಿ ಕಚೇರಿ ಮಾಡಿಕೊಂಡಿದ್ದ ಸಂಸ್ಥೆಯೊಂದು ‘ಚಿಗುರುನುಡಿ’ ಎಂಬ ಯೋಜನೆ ತಂದಿತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಎಡಬಲಕ್ಕಿರುವ ಹನ್ನೊಂದು ಅಂಗನವಾಡಿಗಳಲ್ಲಿ, ಕಿವಿ ಕೇಳುವ ಮಗು, ಕೇಳದ ಮಗು, ನಡೆಯುವ ಮಗು, ನಡೆಯಲಾರದ ಮಗು ಎಲ್ಲ ಒಂದೇ ಚಾಪೆಯ ಮೇಲೆ ಕೂತು ಭಾಷೆ ಕಲಿಯಬೇಕು. ನಯನ ಅದರ ತಜ್ಞೆ. ಕಾರ್ಯಕರ್ತೆಯರು ಫೋನಿನಲ್ಲಿ ತುಂಬಬೇಕಾದ ಫಾರಮ್ಮನ್ನು ಅವಳೇ ಮಾಡಿದಳು. ಇಂಥ ಮಕ್ಕಳನ್ನು ಮನೆಯವರು ಒಳಗೆ ಕೂರಿಸುತ್ತಾರೆ, ಕಾರ್ಯಕರ್ತೆಯರು ಕಾಲಂ ಖಾಲಿ ಬಿಡುತ್ತಾರೆ, ಮಗು ಯಾರ ಲೆಕ್ಕಕ್ಕೂ ಸಿಗದೆ ದೊಡ್ಡದಾಗಿಬಿಡುತ್ತದೆ ಎಂಬುದು ಅವಳು ಕಣ್ಣಾರೆ ಕಂಡ ಸತ್ಯ. ಅದಕ್ಕೇ ‘ವಿಶೇಷ ಅಗತ್ಯವುಳ್ಳ ಮಗುವಿನ ವಿವರ’ ಎಂಬ ಕಾಲಂ ಪಕ್ಕ ಕೆಂಪು ನಕ್ಷತ್ರ ಹಾಕಿದಳು. ತುಂಬದಿದ್ದರೆ ಫಾರಮ್ಮು ಹೋಗುವುದಿಲ್ಲ. ಸೊನ್ನೆ ಹಾಕಿದರೆ ಹೋಗುವುದಿಲ್ಲ. ‘ಇಲ್ಲ’ ಎಂದರೂ ಹೋಗುವುದಿಲ್ಲ. ಹುಡುಕಲಿ, ಸಿಗುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಊರಲ್ಲಿ ಅಂಥ ಮಗು ನಿಜವಾಗಿಯೂ ಇಲ್ಲದೆ ಇರಬಹುದು ಎಂಬ ಯೋಚನೆ ಡಾಕ್ಟರೇಟ್ ಪಡೆದ ತಲೆಗೆ ಹೊಳೆಯಲಿಲ್ಲ.

ಹುಣಸೆದೊಡ್ಡಿಯ ಕಾರ್ಯಕರ್ತೆ ಮಲ್ಲಿಗಮ್ಮನ ಫಾರಮ್ಮು ಒಂದೇ ಏಟಿಗೆ ಹೋಯಿತು. ಅವಳ ಕೇಂದ್ರದಲ್ಲಿ ದೀಪಿಕ ಇದ್ದಳು. ನಾಲ್ಕೂ ಚಿಲ್ಲರೆ ವರ್ಷದ ಹುಡುಗಿ, ಹುಟ್ಟಿನಿಂದ ಕಿವಿ ಕೇಳದು. ತಾಯಿ ಬೆಳಿಗ್ಗೆಯೇ ಗಾರ್ಮೆಂಟ್ಸ್ ವ್ಯಾನು ಹತ್ತುವವಳು. ಸಾಕುವುದೆಲ್ಲ ಅಜ್ಜಿ ಮರಿತಾಯಮ್ಮ. ಉಳಿದ ಹತ್ತು ಊರಿನ ಕಾರ್ಯಕರ್ತೆಯರು ಮನೆಮನೆ ತಿರುಗಿದರು. ಸಿಗಲಿಲ್ಲ. ಒಬ್ಬಾಕೆ ಕಿವಿ ಮಂದವಾಗಿದ್ದ ತನ್ನ ಮಾವನನ್ನೇ ತುಂಬಿದಳು. ವಯಸ್ಸು ಆರು ಮೀರಿರಬಾರದು ಎಂದು ಫಾರಮ್ಮು ವಾಪಸು ಬಂತು. ಇತ್ತ ‘ವರದಿ ಬಂದಿಲ್ಲ, ಕಾರಣ ಕೊಡಿ’ ಎಂದು ಮೇಲಿನಿಂದ ದಿನಕ್ಕೆರಡು ಮೆಸೇಜು. ಕೊನೆಗೆ ಪಕ್ಕದೂರಿನಾಕೆ ಹುಣಸೆದೊಡ್ಡಿಗೆ ಬಂದು ನಿಂತಳು.

“ಮಲ್ಲಿಗಕ್ಕಾ, ನಿಮ್ ದೀಪಿಕನ್ನ ಒಂದಿವ್ಸ ಕೊಡಕ್ಕ. ಪೋಟ ತಕ್ಕಂಡು ಸಂಜಿಕೆ ಬುಟ್ಬುಡ್ತೀನಿ.”

ಮಲ್ಲಿಗಮ್ಮ ಇಪ್ಪತ್ತು ವರ್ಷದಿಂದ ಊರಿನ ರಾಮಮಂದಿರದ ಪಾತ್ರೆಗಳ ಬೀಗದ ಕೈ ಇಟ್ಟುಕೊಂಡಿದ್ದವಳು. ಮದುವೆಗೋ ತಿಥಿಗೋ ದೊಡ್ಡ ಕೊಪ್ಪರಿಗೆ ಬೇಕಾದವರು ಅವಳ ಮನೆಗೇ ಬರಬೇಕು. ಪಾತ್ರೆಗೆ ಒಂದು ಕ್ರಮವಿದೆ: ಬೆಳಗಿ ತಂದು ಕೊಡಬೇಕು, ಬರಿದಾಗಿ ತರಬಾರದು, ಒಳಗೆ ಒಂದಚ್ಚು ಬೆಲ್ಲವೋ ಒಂದು ಹಿಡಿ ಅಕ್ಕಿಯೋ ಇರಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನುವ ಹಾಗೂ ಇಲ್ಲ. ಈ ಕ್ರಮ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮಗು ಕೇಳಿದಾಗಲೂ ಬಾಯಿಗೆ ಅದೇ ಬಂತು.

“ಕರ್ಕಂಡೋಗು. ಮಕ ತೊಳ್ದು ಜಡೆ ಎಣ್ದು ತಂದ್ಬುಡ್ಬೇಕು. ಬರಿಗೈಲಿ ಮಾತ್ರ ಕಳಿಸ್ಬ್ಯಾಡ ಕಣಮ್ಮ.”

ಒಬ್ಬಾಕೆಗೆ ಕೊಟ್ಟದ್ದು ಹತ್ತು ಊರಿಗೂ ಗೊತ್ತಾಯಿತು. ಗೋಡೆಯ ಮೇಲೆ ಅಕ್ಷರಮಾಲೆಯ ಪಕ್ಕ ದೀಪಿಕಳ ಸರದಿ ಪಟ್ಟಿ ಏರಿತು. ಬೆಳಿಗ್ಗೆ ಒಂದೂರು, ಮಧ್ಯಾಹ್ನ ಒಂದೂರು. ಚಿಕ್ಕಣ್ಣನ ಆಟೋದಲ್ಲಿ ಸವಾರಿ. ಸಂಜೆ ಎಣ್ಣೆ ಹಚ್ಚಿ ಬಾಚಿದ ತಲೆ, ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಒಂದಚ್ಚು ಬೆಲ್ಲ ಹಿಡಿದು ಹುಡುಗಿ ಆಟೋದಿಂದ ಇಳಿಯುತ್ತಿದ್ದಳು. ಮರಿತಾಯಮ್ಮನಿಗೆ ಹೆಮ್ಮೆಯೋ ಹೆಮ್ಮೆ.

“ಎಲ್ಲಾ ಊರಲ್ಲೂ ನಮ್ಮುಡ್ಗಿನೇ ಬೇಕಂತೆ ಕಣ್ರವ್ವ. ಏನ್ ಕಂಡವ್ರೋ ಇವಳ್ತಾವ!”

ದೀಪಿಕಳಿಗೆ ಏನನ್ನಿಸುತ್ತಿತ್ತು ಎಂದು ಕೇಳಬೇಕಲ್ಲವೆ? ಕೇಳುವುದಕ್ಕೆ ಅವಳಿಗೂ ಊರಿಗೂ ನಡುವೆ ಒಂದು ಭಾಷೆಯೇ ಇರಲಿಲ್ಲ. ಇದ್ದದ್ದು ಅವಳೇ ಕಟ್ಟಿಕೊಂಡ ಮೂವತ್ತೋ ನಲವತ್ತೋ ಕೈಸನ್ನೆ. ಉಳಿದಂತೆ ಅರ್ಧ ದಿನ ಆಟೋದಲ್ಲಿ ನಿದ್ದೆ, ಇನ್ನರ್ಧ ದಿನ ಹೊಸ ಮುಖಗಳ ನಡುವೆ ಫೋಟೋ.

ಇನ್ನು ನಯನಳಿಗೆ ಇದು ಹೇಗೆ ತಿಳಿಯಲಿಲ್ಲ ಎಂದರೆ, ತಿಳಿಯದ ಹಾಗೆ ಅವಳೇ ವ್ಯವಸ್ಥೆ ಮಾಡಿದ್ದಳು. ಮಕ್ಕಳ ಗುಟ್ಟು ಕಾಪಾಡಬೇಕು ಎಂಬುದು ಸಂಶೋಧನೆಯ ನೀತಿ. ಆದ್ದರಿಂದ ಹೆಸರಿನ ಬದಲು ‘ಮ-೧’, ‘ಮ-೨’. ಫೋಟೋದಲ್ಲಿ ಮುಖ ಕಾಣದಂತೆ ಮಸುಕು. ಕಾಲೇಜಿನಲ್ಲಿ ತಪಾಸಣಾ ಸಮಿತಿಯ ಕೆಲಸ ತಲೆಯ ಮೇಲೆ ಕೂತಿತ್ತು, ಊರುಗಳಿಗೆ ಹೋಗಲು ಎಂಟು ತಿಂಗಳು ಬಿಡುವಾಗಲಿಲ್ಲ. ಮೇಜಿನ ಮುಂದೆ ಕೂತು ಅಂಕಿಅಂಶ ತೆರೆದು ನೋಡಿದಳು. ಹನ್ನೊಂದು ಊರು. ಹನ್ನೊಂದು ಕಿವಿ ಕೇಳದ ಹೆಣ್ಣುಮಕ್ಕಳು. ಎಲ್ಲರಿಗೂ ನಾಲ್ಕು ವರ್ಷ ಎಂಟು ತಿಂಗಳು. ಎಲ್ಲರ ಎತ್ತರವೂ ತೊಂಬತ್ತೆಂಟು ಸೆಂಟಿಮೀಟರು.

ಹೊಲಗೆಲಸದವಳಾಗಿದ್ದರೆ ‘ಎಲ್ಲೋ ಏನೋ ತಪ್ಪಾಗ್ಬುಟ್ಟದೆ’ ಎನ್ನುತ್ತಿದ್ದಳು. ಓದಿದವಳಾದ್ದರಿಂದ ಆ ಊರುಗಳ ಕುಡಿಯುವ ನೀರಿನ ಮೇಲೆ ಅನುಮಾನಪಟ್ಟಳು.

ಯೋಜನೆಯ ಅಧಿಕಾರಿ ಜಯಪ್ರಕಾಶ್‌ಗೆ ಫೋನು ಹೋಯಿತು. ಆತನಿಗೆ ಗಾಬರಿಗಿಂತ ಖುಷಿ ಜಾಸ್ತಿಯಾಯಿತು. “ಮೇಡಂ, ಇದು ದೇಶಮಟ್ಟದ ಸುದ್ದಿ!” ಮರುವಾರವೇ ಬಿಳಿ ಟೋಪಿಯ ನಾಲ್ಕು ಜನ ಬಂದು ಹನ್ನೊಂದು ಊರಿನ ಬೋರುವೆಲ್ಲಿನಿಂದ ಬಾಟಲಿಗೆ ನೀರು ಹಿಡಿದುಕೊಂಡು ಹೋದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ನೀರು ಕುಡಿದವರ ಕಿವಿ ಹೋಗುತ್ತದಂತೆ ಎಂದು ಜನ ತಾವೇ ಕಾರಣ ಹುಟ್ಟಿಸಿಕೊಂಡರು. ಒಂದೂರಿನಲ್ಲಿ ಹದಿನೈದು ದಿನ ನಲ್ಲಿ ನೀರು ಮುಟ್ಟಲಿಲ್ಲ. ಇನ್ನೊಂದೂರಿನಲ್ಲಿ ಒಬ್ಬ ತನ್ನ ಹಸುವಿನ ಕಿವಿಯ ಹತ್ತಿರ ತಟ್ಟೆ ಬಡಿದು ಪರೀಕ್ಷೆ ಮಾಡಿದ, ಒದೆಸಿಕೊಂಡ. ನೀರು ಚೆನ್ನಾಗಿದೆ ಎಂದು ವರದಿ ಬಂತು. ಆಮೇಲಷ್ಟೇ ನಯನ ಸ್ಕೂಟರು ಹತ್ತಿದಳು.

ಮೊದಲನೇ ಊರಿನಲ್ಲಿ ಮ-೪ ಇರಲಿಲ್ಲ. “ಅಜ್ಜಿ ಊರ್ಗೋಗವ್ಳೆ ಮೇಡಂ.” ಎರಡನೇ ಊರಿನಲ್ಲಿ ಮ-೭ ಕೂಡ ಅಜ್ಜಿಯ ಊರಿಗೇ ಹೋಗಿದ್ದಳು. ಆದರೆ ಅಲ್ಲಿ ನಯನ ಒಂದು ವಿಚಿತ್ರ ಕಂಡಳು. ಮೊಟ್ಟೆ ಕೊಡುವ ಹೊತ್ತು. ಚೆನ್ನಾಗಿ ಮಾತು ಬರುವ ಮಕ್ಕಳೇ, ಬಾಯಿ ಬಿಡದೆ, ಗೆಣ್ಣಿನಿಂದ ಹಣೆಗೆ ಎರಡು ಸಲ ಕುಟ್ಟಿಕೊಂಡು ಕೈ ಚಾಚಿದವು. ಕುಟ್ಟಿಕೊಂಡ ಮಗುವಿಗೆ ಮೊಟ್ಟೆ.

“ಇದೇನು?”

“ಗೊತ್ತಿಲ್ಲ ಮೇಡಂ, ಇತ್ತೀಚ್ಗೆ ಇಂಗೇ ಕೇಳ್ತವೆ.”

ಮೂರನೇ ಊರಿನಲ್ಲೂ ಹಣೆ ಕುಟ್ಟಿಕೊಂಡವು. ನಾಲ್ಕನೇ ಊರಿನಲ್ಲೂ. ಒಂದಕ್ಕೊಂದು ನೆಂಟಸ್ತನವಿಲ್ಲದ ಊರುಗಳು. ನಡುವೆ ನಾಲೆ, ಗದ್ದೆ, ಕಬ್ಬು. ಮಕ್ಕಳ ಭಾಷೆಯ ಬಗ್ಗೆ ಹದಿನೈದು ವರ್ಷ ಓದಿದ ಹೆಂಗಸು ಅಲ್ಲೇ ಸ್ಕೂಟರು ನಿಲ್ಲಿಸಿದಳು. ಇಲ್ಲೊಂದು ಹೊಸ ಭಾಷೆ ಹುಟ್ಟುತ್ತಿದೆ ಎಂದು ಸ್ಕೂಟರಿನ ಸೀಟಿನ ಮೇಲೆ ನೋಟ್‌ಬುಕ್ಕಿಟ್ಟು ಬರೆದುಕೊಂಡಳು. ಬರೆದದ್ದೇನೂ ಸುಳ್ಳಲ್ಲ.

ಮಧ್ಯಾಹ್ನ ಹುಣಸೆದೊಡ್ಡಿ. ಅಂಗನವಾಡಿಯ ಮೆಟ್ಟಿಲ ಮೇಲೆ ಮರಿತಾಯಮ್ಮ ಮೊಮ್ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದಳು. ಬೆಂದ ಮೊಟ್ಟೆಯನ್ನು ಹುಡುಗಿಯ ಹಣೆಗೆ ಟಕ್ಕೆಂದು ಕುಟ್ಟಿ ಒಡೆದು ಸಿಪ್ಪೆ ಸುಲಿಯತೊಡಗಿದಳು. ಹುಡುಗಿ ಕಿಲಕಿಲ ನಕ್ಕು ಗೆಣ್ಣಿನಿಂದ ತಾನೂ ಹಣೆ ಕುಟ್ಟಿಕೊಂಡು ಇನ್ನೊಂದು ಕೇಳಿದಳು.

ಹನ್ನೊಂದು ಊರಿನಲ್ಲಿ ಹನ್ನೊಂದು ಅಜ್ಜಿಯರು ಮೊಮ್ಮಕ್ಕಳ ಹಣೆಗೇ ಮೊಟ್ಟೆ ಒಡೆಯುವುದು ಸಾಧ್ಯವಿಲ್ಲ. ನಯನ ಒಳಗೆ ಹೋಗಿ ಗೋಡೆಯ ಮೇಲಿನ ಸರದಿ ಪಟ್ಟಿ ನೋಡಿದಳು. ಸೋಮವಾರ ಬೆಳಿಗ್ಗೆ, ಸೋಮವಾರ ಮಧ್ಯಾಹ್ನ, ಮಂಗಳವಾರ ಬೆಳಿಗ್ಗೆ.

“ಮಲ್ಲಿಗಮ್ಮ, ಇದೇನ್ರೀ ಇದು? ಮಗೂನ ಬಾಡಿಗೆಗೆ ಬಿಟ್ಟಿದ್ದೀರಾ?”

“ಬಾಡ್ಗೆ ಗೀಡ್ಗೆ ಅನ್ಬ್ಯಾಡಿ ಮೇಡಂ, ಒಂದ್ ಪೈಸ ಮುಟ್ಟಿಲ್ಲ. ಎರವ್ಲು ಕೊಟ್ಟಿವ್ನಿ.”

“ಮಗು ಏನು ಕೊಪ್ಪರಿಗೆಯೇನ್ರೀ?”

ಮಲ್ಲಿಗಮ್ಮನಿಗೂ ರೇಗಿತು. ಸೆರಗು ಬಿಗಿದು ಎದ್ದು ನಿಂತಳು. “ನಕ್ಷತ್ರ ಆಕಿದ್ದು ಯಾರು? ನಾನಾ? ನಮ್ಮೂರಲ್ಲಿ ಅಂತ ಮಗ ಇಲ್ಲ ಅಂತ ಆ ಎಣ್ಮಕ್ಳು ಬರ್ದ್ರೆ ನಿಮ್ ಪೋನು ಒಪ್ಕತದಾ? ಇಲ್ದೇ ಇರೋದ್ನ ಎಲ್ಲಿಂದ ತಂದಾರವ್ವ? ಎತ್ಕೊಡಾಕೆ ನಾವೇನ್ ಎತ್ತ ತಾಯ್ದೀರಾ? ನೀವ್ ಕೇಳುದ್ರಿ, ನಾವ್ ತುಂಬುದ್ವಿ.”

ದೀಪಿಕ ಬಂದು ನಯನಳ ಸ್ಕೂಟರಿನ ಕೀಲಿ ಹಿಡಿದು ಎಳೆದಳು, ಹೊರಡೋಣ ಎನ್ನುವ ಹಾಗೆ. ಯಾರೋ ಹೊಸಬರು ಬಂದರು ಎಂದರೆ ತನ್ನನ್ನು ಎಲ್ಲಿಗೋ ಕರೆದೊಯ್ಯಲು ಎಂದು ಮಗು ಕಲಿತಿತ್ತು. ಎಂಟು ತಿಂಗಳಲ್ಲಿ ಅದು ಕಲಿತದ್ದು ಅದೊಂದೇ.

ಆವತ್ತಿನಿಂದ ನಯನಳ ತಲೆಯಲ್ಲಿ ಒಂದೇ ಎಣಿಕೆ: ಇನ್ನು ನಾಲ್ಕು ತಿಂಗಳಿಗೆ ಈ ಹುಡುಗಿಗೆ ಐದು ತುಂಬುತ್ತದೆ. ಅಷ್ಟರೊಳಗೆ ಇವಳಿಗೆ ಕೈಭಾಷೆ ಶುರುವಾಗಬೇಕು. ಮೈಸೂರಿನಲ್ಲಿ ಕಿವಿಯ ಪರೀಕ್ಷೆಯಾಗಬೇಕು, ಅಂಗವೈಕಲ್ಯದ ಕಾರ್ಡು ಕೈಗೆ ಬರಬೇಕು. ಮಳವಳ್ಳಿಯಲ್ಲಿ ಶೋಭಿತಾ ಎಂಬ ಟೈಲರ್ ಇದ್ದಳು. ಕಿವಿ ಕೇಳದವಳು, ಕಿವುಡು ಮಕ್ಕಳ ಶಾಲೆಯಲ್ಲಿ ಓದಿ ಕೈಭಾಷೆಯಲ್ಲಿ ಪಳಗಿದವಳು. ವಾರಕ್ಕೆ ಮೂರು ಬೆಳಿಗ್ಗೆ ಬಂದು ಕಲಿಸುತ್ತೇನೆ ಎಂದು ಕಾಗದದಲ್ಲಿ ಬರೆದುಕೊಟ್ಟಳು. ಕೆಳಗೆ ಒಂದು ಪ್ರಶ್ನೆಯೂ ಇತ್ತು: ‘ಯಾವ ಊರಿಗೆ ಬರಲಿ?’

ಮಗು ಒಂದು ಊರಿನಲ್ಲಿ ಕೂರಬೇಕು. ಅಷ್ಟೇ. ಅದಕ್ಕೆ ಉಳಿದ ಹತ್ತು ಮಕ್ಕಳು ಇಲ್ಲ ಎಂದು ಯೋಜನೆ ಒಪ್ಪಿಕೊಳ್ಳಬೇಕು. ನಯನ ಮಂಡ್ಯದ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಜಯಪ್ರಕಾಶ್ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

“ನೋಡಿ ಮೇಡಂ, ಒಂದು ಸಲ ಸೇರಿದ ಮಗು ಇಲ್ಲವೇ ಇಲ್ಲ ಅನ್ನೋಕೆ ಇದರಲ್ಲಿ ಜಾಗ ಇಲ್ಲ. ಇರೋದು ನಾಲ್ಕೇ. ಮುಂದುವರಿದಿದೆ, ವಲಸೆ, ಮರಣ, ಸುಧಾರಣೆ.”

“ಇಲ್ಲದ ಮಕ್ಕಳು ಸ್ವಾಮಿ ಇವು.”

“ವಲಸೆ ಅಂದ್ರೆ ಮಕ್ಕಳು ಬಂದವು ಅಂತ ಇನ್ನೊಂದು ಜಿಲ್ಲೆಯವರು ಒಪ್ಪಿಕೋಬೇಕು. ಮರಣ ಅಂದ್ರೆ ಹತ್ತು ಮಕ್ಕಳು! ನನ್ನ ಮರಣಾನೇ ಆಯ್ತದೆ. ಉಳಿದಿದ್ದು ಯಾವುದು ನೀವೇ ಹೇಳಿ.”

ಆತ ಹತ್ತು ಸಲ ಒತ್ತಿದ. ಸುಧಾರಣೆ, ಸುಧಾರಣೆ, ಸುಧಾರಣೆ. ಹತ್ತು ಊರಿನ ಹತ್ತು ಮಕ್ಕಳಿಗೆ ಊಟದ ಬೆಲ್ಲು ಹೊಡೆಯುವುದರೊಳಗೆ ಕಿವಿ ಬಂತು. ನಯನ ಎದುರಿಗೇ ಕೂತಿದ್ದಳು, ತಡೆಯಲಿಲ್ಲ. ಬಾಯಿಬಿಟ್ಟರೆ ಹತ್ತು ಕಾರ್ಯಕರ್ತೆಯರ ಕೆಲಸ ಹೋಗುತ್ತದೆ ಎಂದುಕೊಂಡಳು. ಇಲ್ಲದ ಮಕ್ಕಳಿಗೆ ವಾಸಿಯಾದರೆ ಯಾರಿಗೇನು ನಷ್ಟ ಎಂದೂ ಅಂದುಕೊಂಡಳು. ಓದಿದವರು ತಮಗೆ ತಾವು ಹೇಳಿಕೊಳ್ಳುವ ಸುಳ್ಳು ಯಾವಾಗಲೂ ಹೀಗೆ ಪ್ರಶ್ನೆಯ ವೇಷ ಹಾಕಿಕೊಂಡೇ ಬರುತ್ತದೆ.

ನಷ್ಟ ತಿಂಗಳೊಪ್ಪತ್ತಿನಲ್ಲಿ ಗೊತ್ತಾಯಿತು. ಎಂಟು ತಿಂಗಳಲ್ಲಿ ತೊಂಬತ್ತೊಂದು ಪರ್ಸೆಂಟು ಕಿವುಡು ವಾಸಿ ಎಂಬ ವರದಿ ಬೆಂಗಳೂರು ಮುಟ್ಟಿತು. ಸನ್ಮಾನದ ಸಭೆ ನಿಗದಿಯಾಯಿತು. ಎರಡು ದಿನ ಮೊದಲು ಜಯಪ್ರಕಾಶ್ ಫೋನು ಮಾಡಿದ.

“ಮೇಡಂ, ತೊಂಬತ್ತೊಂದು ಅಂದ್ರೆ ಕಿವಿಗೆ ಒಂಥರಾ ಕುಂಟುತ್ತೆ. ನೂರು ಮಾಡಿಬಿಡೋಣ. ಆ ಮಗೂನ ವೇದಿಕೆ ಮೇಲೆ ಕರೆಸಿ, ಮುಖ್ಯ ಅತಿಥಿಗಳ ಕೈಲೇ ಬಟನ್ ಒತ್ತಿಸೋಣ.”

“ಒತ್ತಿದ್ರೆ ಅವಳ ಮೈಸೂರಿನ ಪರೀಕ್ಷೆ ತಾನಾಗೇ ರದ್ದಾಗುತ್ತೆ. ಕಾರ್ಡೂ ಬರಲ್ಲ. ಕಿವಿ ಕೇಳಿಸುತ್ತೆ ಅಂತ ಬರೆದುಬಿಟ್ಟಿರ್ತೀರಲ್ಲ!”

“ಅದೆಲ್ಲ ಆಮೇಲೆ ನೋಡ್ಕೊಳ್ಳೋಣ. ನಿಮ್ಮ ಬಡ್ತಿ ಫೈಲೂ ಇದೇ ವರದಿ ಜೊತೆ ಹೋಗ್ತಿದೆ ಮೇಡಂ. ಒಂದು ಮಗುಗೋಸ್ಕರ ನೂರು ತಪ್ಪಿಸ್ತೀರಾ?”

ಅವಳು ಆಗುವುದಿಲ್ಲ ಎಂದಳು. ಆತ ಆಗಲೇ ಫೋನು ಇಟ್ಟಿದ್ದ. ಹುಣಸೆದೊಡ್ಡಿಗೆ ಓಡಿದರೆ ಅಲ್ಲಿ ಮರಿತಾಯಮ್ಮ ಒಗೆದ ಸೀರೆ ಮಡಿಸಿಟ್ಟುಕೊಂಡು ಕೂತಿದ್ದಳು. “ಬರ್ತೀನಿ ಕಣವ್ವ. ದೊಡ್ಡೋರ್ ಕೈಲಿ ಏನೋ ಕೊಡುಸ್ತಾರಂತೆ. ನಮ್ಮುಡ್ಗಿಗೆ ಕಿವಿ ಬತ್ತದಂತೆ, ಆ ಸಾಯಿಬ್ರೇ ಪೋನ್‌ನಲ್ಲಿ ಅಂದ್ರು.” ಈ ಮುಖಕ್ಕೆ ಏನು ಹೇಳುವುದು? ನಯನ ಸ್ಕೂಟರು ತಿರುಗಿಸಿದಳು. ವೇದಿಕೆಯ ಮೇಲೆ ಹೇಗಾದರೂ ತಡೆಯಬೇಕು ಎಂದುಕೊಂಡಳು, ಹೇಗೆ ಎಂದು ತಿಳಿಯದೆ.

ಮಂಡ್ಯದ ಸಭಾಂಗಣ ಕಿಕ್ಕಿರಿದಿತ್ತು. ಮರದ ಹಲಗೆಯ ವೇದಿಕೆ, ಹೂವಿನ ಕಮಾನು, ದೊಡ್ಡ ಪರದೆಯ ಮೇಲೆ ದೀಪಿಕಳ ಗುರುತಾದ ‘ಮ-೧’, ಅದರ ಕೆಳಗೆ ಮಿನುಗುವ ಹಸಿರು ಬಟನ್ನು. ದೀಪಿಕ ಹೊಸ ಫ್ರಾಕು ತೊಟ್ಟು ನಡುವೆ ನಿಂತಿದ್ದಳು. ಮುಖ್ಯ ಅತಿಥಿ ಶಾಲು ಸರಿಮಾಡಿಕೊಂಡು ಮಗುವಿನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಮಗು ತಿರುಗಲಿಲ್ಲ.

“ಮಗು ನಾಚಿಕೊಂಡಿದೆ,” ಎಂದ ಜಯಪ್ರಕಾಶ್ ಮೈಕಿನಲ್ಲಿ.

ಅತಿಥಿ ಹೆಸರು ಹಿಡಿದು ಕೂಗಿದರು. ಗಂಟೆ ಬಾರಿಸಿದರು. ಮಗು ಹೂವಿನ ಕಮಾನು ನೋಡುತ್ತ ನಿಂತಿತ್ತು. ಆಗ ಹಿಂದೆ ಕುರ್ಚಿ ಜೋಡಿಸುತ್ತಿದ್ದವನ ಕೈಯಿಂದ ಕಬ್ಬಿಣದ ಕುರ್ಚಿಯೊಂದು ಜಾರಿ ಹಲಗೆಯ ಮೇಲೆ ಧಡಾರೆಂದು ಬಿತ್ತು. ದೀಪಿಕ ಬೆಚ್ಚಿ ಹಿಂದಿರುಗಿ ನೋಡಿದಳು.

ಸಭಾಂಗಣ ಎದ್ದು ನಿಂತಿತು. ಚಪ್ಪಾಳೆ, ಶಿಳ್ಳೆ. ಮುಂದಿನ ಸಾಲಿನಿಂದ ಮರಿತಾಯಮ್ಮ “ಕೇಳುಸ್ತು! ನನ್ ಕಂದಂಗೆ ಕೇಳುಸ್ತು!” ಎಂದು ಕೂಗುತ್ತ ಮೆಟ್ಟಿಲು ಹತ್ತಿ ಬಂದಳು, ಕಣ್ಣಲ್ಲಿ ನೀರು. ಅತಿಥಿಯ ಬೆರಳು ಬಟನ್ನಿನತ್ತ ಹೊರಟಿತು.

ನಯನ ಓಡಿಹೋಗಿ ಅತಿಥಿಯ ಕೈ ಹಿಡಿದಳು. ಅಂಥ ಸಭೆಯಲ್ಲಿ ಅಂಥವರ ಕೈ ಹಾಗೆ ಹಿಡಿಯಬಾರದು, ಹಿಡಿದಳು. ಕಾಲಿನ ಕೆಳಗಿನ ಹಲಗೆ ಅದುರಿದ್ದು ಮಗುವಿಗೆ ಗೊತ್ತಾಗಿದೆ, ಸದ್ದಲ್ಲ ಎಂದು ಅವಳಿಗೆ ತಿಳಿದಿತ್ತು. ಅದನ್ನು ಯಾರಿಗೆ ಹೇಳುವುದು? ಸಾವಿರ ಜನ ಖುಷಿಯಲ್ಲಿದ್ದರು. ಎಲ್ಲರಿಗಿಂತ ಖುಷಿಯಲ್ಲಿದ್ದವಳು ಆ ಮುದುಕಿ.

“ಅಜ್ಜಿ,” ಎಂದಳು ನಯನ, “ಮಗೂನ ಎತ್ಕೊಳಿ. ಎತ್ತಿ ಎದೆಗೆ ಒರಗಿಸ್ಕೊಳಿ.” ಹಿಂದೆ ನಿಂತವನಿಗೆ, “ಕುರ್ಚಿ ಮತ್ತೆ ಬೀಳಿಸಪ್ಪ.”

ಆತ ಜಯಪ್ರಕಾಶನ ಮುಖ ನೋಡಿದ. ನಯನ ತಾನೇ ಹೋಗಿ ಕುರ್ಚಿ ಎತ್ತಿ ಹಾಕಿದಳು. ಧಡಾರ್. ಮುಖ್ಯ ಅತಿಥಿ ಹಾರಿಬಿದ್ದರು. ಅಜ್ಜಿಯ ಸೊಂಟದ ಮೇಲೆ ಕೂತ ದೀಪಿಕ ಅಜ್ಜಿಯ ಮೂಗುತಿ ತಿರುಗಿಸುತ್ತಲೇ ಇದ್ದಳು. ಇನ್ನೊಂದು ಸಲ ಎತ್ತಿ ಹಾಕಿದಳು. ಮಗುವಿನ ಕಣ್ಣುರೆಪ್ಪೆಯೂ ಅಲುಗಲಿಲ್ಲ.

ಮರಿತಾಯಮ್ಮ ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ನಯನಳ ಮುಖವನ್ನೂ ನೋಡಿದಳು. ಆ ನೋಟವನ್ನು ನಯನ ಯಾವ ಪ್ರಬಂಧದಲ್ಲೂ ಬರೆಯಲಾರಳು. ಆಮೇಲೆ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಮೈಕಿನ ಹತ್ತಿರ ಬಂದಳು.

“ಇಲ್ಲ ಕಣ್ರಪ್ಪ. ನಮ್ಮುಡ್ಗಿಗೆ ಕೇಳಾಕಿಲ್ಲ. ಅದ್ಯಾವ್ದೋ ಬಟನ್ ಒತ್ಬ್ಯಾಡಿ. ಕಾರ್ಡು ಕೊಡಿ, ಮೈಸೂರ್ಗೆ ಕರ್ಕಂಡೋಯ್ತೀನಿ.”

ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಸಭೆಯಲ್ಲಿ ಕೂತವರ ಕೈಗೆ ಅದು ಅಭ್ಯಾಸ. ನಯನ ಮೈಕು ತೆಗೆದುಕೊಂಡು, “ಉಳಿದ ಹತ್ತು ಮಕ್ಕಳು ಇಲ್ಲವೇ ಇಲ್ಲ. ಈ ಒಂದೇ ಮಗುವನ್ನು ಹನ್ನೊಂದು ಊರು ಸುತ್ತಿಸಿದ್ದೇವೆ. ನಕ್ಷತ್ರ ಹಾಕಿದವಳು ನಾನು. ಸುಧಾರಣೆ ಎಂದು ಒತ್ತುವಾಗ ಎದುರಿಗೆ ಕೂತು ಸುಮ್ಮನಿದ್ದವಳೂ...” ಎನ್ನುವಷ್ಟರಲ್ಲಿ ಮೈಕು ಆರಿಹೋಯಿತು. ವಂದನಾರ್ಪಣೆ ಶುರುವಾದಾಗ ತಾನಾಗಿಯೇ ಸರಿಹೋಯಿತು.

ಮರುದಿನ ಒಂದು ಪತ್ರಿಕೆಯಲ್ಲಿ ನಯನಳ ಫೋಟೋ ಬಂತು, ಬಾಯಿ ತೆರೆದು ಮೈಕು ಹಿಡಿದಿರುವುದು. ಕೆಳಗೆ, ‘ತೊಂಬತ್ತೊಂದು ಪ್ರತಿಶತ ಯಶಸ್ಸಿನ ಅನುಭವ ಹಂಚಿಕೊಂಡ ತಜ್ಞೆ’. ಅದರ ಮರುದಿನ ನೋಟೀಸು: ಹನ್ನೊಂದನೇ ಮಗುವಿನ ವಿಷಯದಲ್ಲಿ ನಿಮ್ಮ ವಿಧಾನ ವಿಫಲವಾಗಲು ಕಾರಣವೇನು? ಅವಳು ಆರು ಪುಟ ಉತ್ತರ ಬರೆದಳು. ನಕ್ಷತ್ರ, ಆಟೋ, ಬಟನ್ನು, ತನ್ನ ಮೌನ, ಯಾವುದನ್ನೂ ಬಿಡಲಿಲ್ಲ. ಕಾರ್ಯಕರ್ತೆಯರ ಹೆಸರನ್ನು ಮಾತ್ರ ಬರೆಯಲಿಲ್ಲ. ಕಚೇರಿಯವರು ಆರು ಪುಟವನ್ನೂ ಓದಿದರೋ ಇಲ್ಲವೋ, ಮೇಲೆ ಒಂದು ಸಾಲು ಬರೆದು ಕಡತ ಮುಚ್ಚಿದರು: ‘ವೈಫಲ್ಯ ಒಪ್ಪಿಕೊಂಡಿದ್ದಾರೆ.’ ಬಡ್ತಿಯ ಫೈಲು ಕಪಾಟಿನ ತಳಕ್ಕೆ ಹೋಯಿತು. ಯೋಜನೆಗೆ ಹೊಸ ತಜ್ಞರು ಬಂದರು.

ಹೊಸ ತಜ್ಞರು ಹೊಸ ಸುತ್ತೋಲೆ ಕಳಿಸಿದರು. ಇನ್ನು ಮುಂದೆ ಪ್ರತಿ ಕೇಂದ್ರವೂ ‘ಸುಧಾರಿಸಿದ ಮಗು’ವನ್ನು ತೋರಿಸಬೇಕು. ಕೆಂಪು ನಕ್ಷತ್ರಕ್ಕೆ ಹೆದರಿ ಅಲ್ಲಿಯವರೆಗೂ ದೀಪಿಕಳನ್ನು ಒಯ್ಯುತ್ತಲೇ ಇದ್ದ ಹತ್ತು ಊರಿನ ಕಾರ್ಯಕರ್ತೆಯರು ಉಸಿರುಬಿಟ್ಟರು. ಕಿವಿ ಕೇಳುವ ಮಗುವಿಗೇನು ಬರ? ಮೂಲೆಯಲ್ಲಿ ಗಲಾಟೆ ಮಾಡುತ್ತಿದ್ದ ಯಾವುದೋ ಒಂದು ಮಗುವಿಗೆ ಮುಖ ತೊಳೆದು ಫೋಟೋ ತೆಗೆದು ಕಳಿಸಿದರು. ಫಾರಮ್ಮು ಒಂದೇ ಏಟಿಗೆ ಹೋಯಿತು. ಹೀಗೆ, ಯಾರ ಕರುಣೆಯಿಂದಲೂ ಅಲ್ಲದೆ, ಒಂದು ದಡ್ಡತನವನ್ನು ಅದಕ್ಕಿಂತ ದೊಡ್ಡ ದಡ್ಡತನ ಬಂದು ನುಂಗಿ, ದೀಪಿಕಳನ್ನು ಕೇಳಿಕೊಂಡು ಬರುವವರು ಇಲ್ಲವಾದರು. ಮೈಸೂರಿನ ಪರೀಕ್ಷೆ ಮುಗಿಯಿತು. ಕಾರ್ಡಿಗೆ ಅರ್ಜಿ ಹೋಯಿತು.

ಒಂದು ಬುಧವಾರ ಬೆಳಿಗ್ಗೆ ಮಳವಳ್ಳಿ ಕಡೆಯ ಬಸ್ಸಿನಿಂದ ಶೋಭಿತಾ ಹುಣಸೆದೊಡ್ಡಿಯಲ್ಲಿ ಇಳಿದಳು. ನಯನ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು; ಬರಬೇಕೆಂದು ಯಾರೂ ಹೇಳಿರಲಿಲ್ಲ. ಹೊಸಬಳನ್ನು ಕಂಡ ಕೂಡಲೇ ದೀಪಿಕ ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ಶೋಭಿತಾ ಅವಳನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಹೊಸಿಲ ಮೇಲೇ ಅವಳೆದುರು ಕೂತು, ಎರಡೂ ಕೈ ಎತ್ತಿ ಮಾತಾಡತೊಡಗಿದಳು. ಬೆರಳು, ಮುಂಗೈ, ಹುಬ್ಬು, ಭುಜ, ನಿಲ್ಲದೆ.

ದೀಪಿಕ ಬಾಯಿ ತೆರೆದು ನೋಡಿದಳು. ಆ ಮಗು ದೊಡ್ಡವರ ಕೈ ಮಾತಾಡುವುದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೆಲ್ಲಗೆ ಹತ್ತಿರ ಬಂದು ಶೋಭಿತಾಳ ಬಲಗೈ ಹಿಡಿದು, ಮುಂದೆ ನೋಡಿ, ಮಗುಚಿ ಹಿಂದೆ ನೋಡಿ, ಎಡಗೈಯನ್ನೂ ಹಾಗೇ ಮಗುಚಿ ನೋಡಿದಳು. ಆಮೇಲೆ ಕಾಲಿನ ಚಪ್ಪಲಿ ಬಿಟ್ಟು ಅವಳ ಎದುರು ಕೂತು, ತನ್ನ ಎರಡೂ ಕೈ ಗಾಳಿಯಲ್ಲಿ ಎತ್ತಿ, ಏನೇನೋ ಹೇಳತೊಡಗಿದಳು. ಯಾವುದೂ ಇನ್ನೂ ಮಾತಾಗಿರಲಿಲ್ಲ.

“ಏನಂತಾವ್ಳೆ ಮೇಡಂ?” ಎಂದಳು ಮಲ್ಲಿಗಮ್ಮ.

“ಗೊತ್ತಿಲ್ಲ ಮಲ್ಲಿಗಮ್ಮ,” ಎಂದಳು ನಯನ. “ಸ್ವಲ್ಪ ಅತ್ತ ಸರ್ಕೊಳಿ, ನಂಗೂ ಕಾಣ್ಲಿ.”